ಉಳಿಸುವುದು ಬೇರೆ, ಕಳಿಸುವುದು ಬೇರೆ



ಹಳೆಯ ಛಾಯಾಚಿತ್ರಗಳನ್ನು ತಿದ್ದಿ ಕಳಿಸಿರೆಂದು ನಿಮ್ಮಲ್ಲಿ ಅನೇಕರು ಕೇಳುತ್ತಿದ್ದೀರಿ. ಇಷ್ಟು ತಡವೇಕೆಂದೂ ಕೇಳುತ್ತಿದ್ದೀರಿ. ಎರಡನೆಯ ಪ್ರಶ್ನೆಗೆ ಉತ್ತರವಾಗಿ ಈ ಬರಹ.

ನಾನು ಬಳಸುವುದು ಗಿಂಪ್ ಎಂಬ ತಂತ್ರಾಂಶವನ್ನು. 1995ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಇದನ್ನು ಆರಂಭಿಸಿದರು. (ವಿದ್ಯಾರ್ಥಿಗಳು ಮಾಡಿದ್ದೆಂಬ ಕಾರಣಕ್ಕೇ ನನಗೆ ಇದರ ಮೇಲೆ ಒಂದಿಷ್ಟು ಪಕ್ಷಪಾತವುಂಟು.) ಇದಕ್ಕೆ ಹಣ ಕೊಡಬೇಕಿಲ್ಲ. ತಿಂಗಳು ತಿಂಗಳು ಬಾಡಿಗೆ ಕಟ್ಟುವ ತಂತ್ರಾಂಶಗಳು ನಿವೃತ್ತಿ ವೇತನದವನಿಗೆ ಒಗ್ಗುವಂಥವಲ್ಲ. ಆದರೆ ಇಲ್ಲಿ ಹಣದ ಬದಲು ತಾಳ್ಮೆಯನ್ನು ತೆರಬೇಕಾಗುತ್ತದೆ.

ಲೆಕ್ಕ ನೋಡಿ. 8 ಅಂಗುಲ ಅಗಲ, 10 ಅಂಗುಲ ಉದ್ದದ ಚಿತ್ರವನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2 ಕೋಟಿ 88 ಲಕ್ಷ ಚುಕ್ಕೆಗಳಾಗುತ್ತವೆ. ಕೆಂಪು, ಹಸಿರು, ನೀಲಿ ಎಂದು ಪ್ರತಿ ಚುಕ್ಕೆಗೆ ಮೂರು ಬೈಟುಗಳು. ಒಂದು ಪದರಕ್ಕೇ ಎಂಟೂವರೆ ಕೋಟಿ ಬೈಟುಗಳಿಗೂ ಮಿಕ್ಕಿತು. ಮೂಲ ಕೆಡದಿರಲೆಂದು ಪದರದ ನಕಲು ಮಾಡಿಕೊಂಡರೆ ಮತ್ತೆ ಅಷ್ಟು. ನನ್ನ ಹಳೆಯ ಯಂತ್ರಕ್ಕೆ ಈ ಹೊರೆ ಮಿತಿ ಮೀರಿದೊಡನೆ ತಂತ್ರಾಂಶವು ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ಬರೆಯತೊಡಗುತ್ತದೆ. ಕುಂಚವನ್ನೆಳೆದು ಚಹಾ ಕುಡಿದು ಬಂದರೂ ಗೆರೆ ಮೂಡಿರುವುದಿಲ್ಲ.

ಬಳಕೆಯ ತೊಡಕುಗಳು ಬೇರೆ. 2012ರಲ್ಲಿ ಬಂದ 2.8ನೆಯ ಆವೃತ್ತಿಯಿಂದ 'ಸೇವ್' ಎಂದರೆ ಅದರದೇ ಆದ ಎಕ್ಸ್‌ಸಿಎಫ್ ಕಡತ ಮಾತ್ರ. ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್' ಒತ್ತಬೇಕು. ಬೈಲಹೊಂಗಲದಲ್ಲಿ ಫೋಟೋ ಸ್ಟುಡಿಯೋ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಉಳಸೂದು ಬ್ಯಾರೆ, ಕಳಸೂದು ಬ್ಯಾರೆ ಅಂತ ತಿಳಕೋರಿ" ಎಂದು ವಿವರಿಸಿದ. ಎಂಟನೆಯ ತರಗತಿಯಲ್ಲಿ ಅವನಿಂದ ಇಷ್ಟು ಸ್ಪಷ್ಟವಾದ ಉತ್ತರ ಬಂದುದು ನನಗೆ ನೆನಪಿಲ್ಲ! 2018ರ 2.10ರಲ್ಲಿ ಚಿಹ್ನೆಗಳೆಲ್ಲ ಕಪ್ಪು ಹಿನ್ನೆಲೆಯ ಮೇಲೆ ಬೂದು ಬಣ್ಣದವಾದವು. ಪೊರೆ ತೆಗೆಸಿಕೊಂಡ ಕಣ್ಣಿಗೆ ಕುಂಚ ಯಾವುದು, ರಬ್ಬರು ಯಾವುದು ತಿಳಿಯದು. ಪ್ರಿಫರೆನ್ಸಸ್‌ನಲ್ಲಿ ಬಣ್ಣದ ಚಿಹ್ನೆಗಳನ್ನು ಆರಿಸಿಕೊಳ್ಳಬಹುದು. ನನ್ನ ವಯಸ್ಸಿನವರು ಮೊದಲು ಅದನ್ನು ಮಾಡಿಕೊಳ್ಳಿ. 2025ರ ಮಾರ್ಚಿನಲ್ಲಿ 3.0 ಬಂದಿತು. ಹಾಕಿದ ಫಿಲ್ಟರನ್ನು ಆಮೇಲೂ ಬದಲಿಸಬಹುದೆಂಬುದು ಅದರ ದೊಡ್ಡ ಅನುಕೂಲ.

ಒಂದು ಗುಣವನ್ನು ಮಾತ್ರ ಹೇಳಲೇಬೇಕು. ಯೂನಿಕೋಡಿನಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳು ಚದುರದೆ ನಿಲ್ಲುತ್ತವೆ. ಚಿತ್ರದ ಕೆಳಗೆ ನಿಮ್ಮ ಕಲ್ಲಪ್ಪ, ಬಸವ್ವ, ಚನ್ನಬಸಪ್ಪಗಳೆಲ್ಲ ಅಂದವಾಗಿ ಕೂಡುತ್ತವೆ.

ಇನ್ನು 1991ರ ಹತ್ತನೆಯ ತರಗತಿಯ ಚಿತ್ರದ ವಿಷಯ. ಅದರಲ್ಲಿರುವ ಹುಡುಗನೊಬ್ಬ ತೀರಿಕೊಂಡು ಬಹಳ ವರ್ಷಗಳಾದವು. ಮಹಾಂತಜ್ಜನವರ ಮಠಕ್ಕೆ ಬಂದಿದ್ದ ಅವನ ತಾಯಿ ನಮ್ಮ ಮನೆಗೂ ಬಂದು, "ಮಾಸ್ತರ, ನನ್ನ ಮಗನ ಮಾರಿ ಅಷ್ಟ ದೊಡ್ಡದು ಮಾಡಿಕೊಡ್ರಿ" ಎಂದರು. ಅವರಲ್ಲಿ ಮಗನ ಬೇರೆ ಚಿತ್ರವೇ ಇಲ್ಲ. ಇದರಲ್ಲಿಯೋ ಬೂಷ್ಟು ಅವನ ಎಡಗಣ್ಣನ್ನು ಪೂರ್ತಿ ತಿಂದಿತ್ತು.

'ಹೀಲ್' ಎಂಬ ಉಪಕರಣವು ಪಕ್ಕದ ಚುಕ್ಕೆಗಳನ್ನು ತಂದು ಕಲೆಯ ಮೇಲೆ ಹೊಂದಿಸುತ್ತದೆ. ಕೆನ್ನೆ, ಅಂಗಿಯ ಕಾಲರು ಎರಡು ಸಂಜೆಗಳಲ್ಲಿ ಸರಿಯಾದವು. ಕಣ್ಣಿಗೆ ತರಲು ಪಕ್ಕದಲ್ಲಿ ಏನಿದೆ? ಬಲಗಣ್ಣನ್ನು ಕನ್ನಡಿಯಂತೆ ತಿರುಗಿಸಿ ಬೇರೊಂದು ಪದರದಲ್ಲಿ ಕೂಡಿಸಿದೆ. ಮುಖವೇನೋ ತುಂಬಿತು, ಆದರೆ ಅವನು ಬೇರೆ ಯಾರೋ ಆದ. ಕರಿಹಲಗೆಯನ್ನು ನೋಡುವಾಗ ಎಡಗಣ್ಣನ್ನು ಕಿರಿದುಗೊಳಿಸುತ್ತಿದ್ದ ಹುಡುಗ ಅವನು. ಪದರವನ್ನು ಮರೆಮಾಡಲು ಒತ್ತಬೇಕಾದ ಗುರುತೂ ಗಿಂಪಿನಲ್ಲಿ ಕಣ್ಣೇ. ಅದನ್ನೊತ್ತಿದೆ.

ಎರಡೂ ಪ್ರತಿಗಳನ್ನು ಮುದ್ರಿಸಿ ಆ ತಾಯಿಯ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, ಕಲೆ ಉಳಿದಿದ್ದ ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಇಡೀ ತರಗತಿಯ ಚಿತ್ರ ಈ ತಿಂಗಳಲ್ಲಿ ನಿಮಗೆ ತಲುಪುವುದು. ಹಿಂದಿನ ಸಾಲಿನಲ್ಲಿ ಎಡದಿಂದ ಆರನೆಯವನ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ. ಬಲ್ಲವರು ಬರೆದು ತಿಳಿಸಿರಿ.