ಎರೆಭೂಮಿಯ ದಾರಿಯೂ ಸವಾರನ ಹಿಡಿತವೂ

ಕೃಷ್ಣಾ, ಘಟಪ್ರಭಾ ನದಿಗಳ ಆಸುಪಾಸಿನಲ್ಲಿ ಹರಡಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ನೆಲವು ದೂರದಿಂದ ನೋಡಲಿಕ್ಕೆ ಸೌಮ್ಯವಾಗಿ ಕಂಡರೂ ಸವಾರನ ಪಾಲಿಗೆ ಸೌಮ್ಯವಾದುದಲ್ಲ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಬಾಯಿ ತೆರೆಯುತ್ತದೆ. ಒಂದು ಹದಮಳೆ ಬಿದ್ದಿತೆಂದರೆ ಅದೇ ಮಣ್ಣು ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯನ್ನು ತಿರುಗಗೊಡದು. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೊಲದ ದಾರಿಗಳಲ್ಲಿ ಆಳವಾದ ಗಾಲಿಜಾಡುಗಳನ್ನು ಕೊರೆದಿಡುತ್ತವೆ. ಡಾಂಬರು ಬಿಟ್ಟು ನಾಲ್ಕು ಮಾರು ಒಳಗೆ ಹೋದವನಿಗೆ ಕುಳಿತು ಹೋಗುವ ಪ್ರಯಾಣವು ಮುಗಿದು ನಿಂತು ಹೋಗುವ ಪ್ರಯಾಣವು ಆರಂಭವಾಗುತ್ತದೆ.

ಮೋಟಾರು ಸೈಕಲ್ಲಿನ ಮೇಲೆ ನಿಲ್ಲುವದೆಂದರೆ ಸರ್ಕಸ್ಸಿನವರ ಆಟವಲ್ಲವೇ ಎಂದು ವಾಚಕರಲ್ಲಿ ಕೆಲವರು ಕೇಳಿಯಾರು. ಅಲ್ಲ. ತಗ್ಗುದಿಣ್ಣೆಗಳ ದಾರಿಯಲ್ಲಿ ಸೀಟಿನ ಮೇಲೆ ಕುಳಿತವನ ಬೆನ್ನೆಲುಬಿಗೆ ಪ್ರತಿಯೊಂದು ಹೊಡೆತವೂ ನೇರವಾಗಿ ತಾಗುತ್ತದೆ. ಕಾಲೂರುವ ಫುಟ್‌ರೆಸ್ಟುಗಳ ಮೇಲೆ ನಿಂತವನಿಗೆ ಅವನ ಮೊಣಕಾಲು ಹರಡುಗಳೇ ಕಮಾನುಗಳಾಗುತ್ತವೆ. ಗಾಡಿಯು ಕೆಳಗೆ ಓಲಾಡಿದರೂ ದೇಹವು ಓಲಾಡದು. ಆದರೆ ಹಾಗೆ ನಿಂತಾಗಲೂ ಕೈಬೆರಳಿಗೆ ಬ್ರೇಕೂ ಕ್ಲಚ್ಚೂ, ಕಾಲ್ಬೆರಳಿಗೆ ಗೇರೂ ಹಿಂಬ್ರೇಕೂ ತಡವರಿಸದೆ ಸಿಕ್ಕಬೇಕು. ಈ ಲೇಖನದ ವಿಷಯವು ಅದೇ.

ನಮ್ಮ ಹಳೆಯ ಶಿಷ್ಯನೊಬ್ಬನು ಬೀಳಗಿಯ ಕಡೆಯ ಹಳ್ಳಿಗಳಲ್ಲಿ ದನಕರುಗಳ ಔಷಧೋಪಚಾರದ ಕೆಲಸದಲ್ಲಿದ್ದಾನೆ. ಎತ್ತರ 5 ಅಡಿ 3 ಅಂಗುಲ. ಹೊಲಗಳಲ್ಲಿ ಒಂಟಿಯಾಗಿರುವ ತೋಟದ ಮನೆಗಳಿಗೆ ಹೋಗಬೇಕಾದ್ದರಿಂದ ಅವನು ಕಚ್ಚಾ ದಾರಿಗೆಂದೇ ಮಾಡಿದ ಎತ್ತರದ ಗಾಡಿಯೊಂದನ್ನು ಕೊಂಡನು. ಒಂದೇ ಮಳೆಗಾಲದಲ್ಲಿ ಎರಡು ಸಲ ಬಿದ್ದು ಬಲಗೈಯ ಮಣಿಕಟ್ಟನ್ನು ನೋಯಿಸಿಕೊಂಡನು. ನಾವು ನೋಡಹೋದಾಗ ಅವನ ಹೆಂಡತಿಯು ಚಹದ ಬಟ್ಟಲನ್ನು ಮುಂದಿಟ್ಟು, “ಗುರುಗಳ, ನೀವರೆ ಹೇಳ್ರಿ ಇವ್ರಿಗೆ. ಆ ಗಾಡಿ ಮಾರಿಬಿಡ್ಲಿ” ಎಂದಳು. ಅವಳ ಮಾತು ನ್ಯಾಯವಾದುದೇ. ಆದರೆ ಗಾಡಿಯನ್ನು ಮಾರಿದರೆ ನಡುರಾತ್ರಿ ಹೊಟ್ಟೆಯಲ್ಲಿ ಕರು ಅಡ್ಡಬಿದ್ದ ಎಮ್ಮೆಯ ಬಳಿಗೆ ಹೋಗುವವರಾರು? ಆ ಎಮ್ಮೆಯ ಮೇಲೆಯೇ ಬದುಕುವ ಮನೆಗಳು ಅಲ್ಲಿ ಬಹಳ. ಗಾಡಿಯನ್ನು ಪರೀಕ್ಷಿಸಿದೆವು. ಯಂತ್ರದಲ್ಲಿ ದೋಷವಿರಲಿಲ್ಲ, ಅಂಗಡಿಯಿಂದ ಬಂದ ದಿವಸ ಹೇಗಿತ್ತೋ ಹಾಗೆಯೇ ಇತ್ತು, ಅಷ್ಟೆ. ಅವನ ಅಳತೆಗೆ ಯಾರೂ ಅದನ್ನು ಹೊಂದಿಸಿರಲಿಲ್ಲ. ಎರಡು ದಿವಸ ನಾಲ್ಕೂ ತಾಲೂಕುಗಳನ್ನು ಸುತ್ತುತ್ತ, ಅಲ್ಲಲ್ಲಿ ನಿಂತು ಹೊಂದಿಸೋಣವೆಂದು ಕಾರ್ತಿಕದ ಒಂದು ಬೆಳಗು ಜಮಖಂಡಿಯಿಂದ ಹೊರಟೆವು; ಅವನು ತನ್ನ ಗಾಡಿಯ ಮೇಲೆ, ನಾವು ನಮ್ಮ ಗಾಡಿಯ ಮೇಲೆ.

ಇಂಥ ಗಾಡಿಗಳು ನಮ್ಮ ಸೀಮೆಯಲ್ಲಿ ಕಾಣಿಸಿಕೊಂಡದ್ದು ಈಚೆಗೆ. ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ ಎಂಬುದು 2016ರಲ್ಲಿ, ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಎಂಬುದು 2019ರಲ್ಲಿ ಮಾರಾಟಕ್ಕೆ ಬಂದವು. ಎರಡಕ್ಕೂ ಮುಂದಿನ ಗಾಲಿ 21 ಅಂಗುಲದ್ದು. ಸೀಟಿನ ಎತ್ತರವು ಮೊದಲನೆಯದಕ್ಕೆ 800 ಮಿಲಿಮೀಟರು, ಎರಡನೆಯದಕ್ಕೆ 823. ಇದಕ್ಕೆ ಮೊದಲು ಹಳ್ಳಿಯ ಮಾಸ್ತರನಿಗೂ ಹಾಲಿನವನಿಗೂ ರಾಜದೂತ ಅಥವಾ ಬುಲೆಟ್ ಗಾಡಿಯೇ ಗತಿಯಾಗಿತ್ತು. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುತ್ತಿದ್ದವು. ಅದರಲ್ಲಿ ಕಲಿತವರು ಹೊಸ ಗಾಡಿ ಹತ್ತಿದಾಗ ಬ್ರೇಕೆಂದು ಗೇರನ್ನು ಒತ್ತಿ ಪಟ್ಟ ಫಜೀತಿಯು ಬೇರೆಯೇ ಒಂದು ಪುರಾಣವಾದೀತು.

ಸಂಸ್ಕೃತದಲ್ಲಿ ಸಾರಥಿಗೆ ‘ಯಂತೃ’ ಎಂಬ ಹೆಸರುಂಟು. ಯಂತ್ರವೆಂಬ ಶಬ್ದವೂ ಅದೇ ‘ಯಮ್’ ಧಾತುವಿನಿಂದ ಹುಟ್ಟಿದ್ದು; ಹಿಡಿದು ನಿಲ್ಲಿಸುವದೆಂದು ಅದರ ಅರ್ಥ. ಓಡಿಸುವದಕ್ಕಿಂತ ತಡೆಹಿಡಿಯುವದೇ ಸಾರಥ್ಯದ ಸಾರವೆಂದು ನಮ್ಮ ಪೂರ್ವಿಕರು ಭಾವಿಸಿದ್ದರೆಂಬುದು ಇದರಿಂದ ಕಂಡುಬರುತ್ತದೆ. ಶಿಷ್ಯನಿಗೆ ಇದನ್ನು ಹೇಳಿದಾಗ ಅವನು, “ಹೌದ್ರಿ ಗುರುಗಳ, ನಾ ಬಿದ್ದದ್ದೂ ತಡಿಯೂ ಮುಂದನ” ಎಂದನು.

ಜಮಖಂಡಿಯು 1948ರ ವರೆಗೆ ಪಟವರ್ಧನರ ಸಂಸ್ಥಾನವಾಗಿತ್ತು. ಮುಂದೆ ರಾಷ್ಟ್ರದ ಉಪಾಧ್ಯಕ್ಷರಾಗಿ, 1977ರಲ್ಲಿ ಕೆಲಕಾಲ ಹಂಗಾಮಿ ಅಧ್ಯಕ್ಷರೂ ಆದ ಬಿ. ಡಿ. ಜತ್ತಿಯವರ ಸಾರ್ವಜನಿಕ ಜೀವನವು ಆರಂಭವಾದದ್ದು ಇಲ್ಲಿಯೇ. ಆದರೆ ನಾವು ಮೊದಲು ಹೋದದ್ದು ಅರಮನೆಯ ಕಡೆಗಲ್ಲ, ಕೃಷ್ಣೆಯ ಮೇಲಿನ ಚಿಕ್ಕಪಡಸಲಗಿಯ ಬ್ಯಾರೇಜಿನ ಕಡೆಗೆ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ಅದನ್ನು ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದದ್ದು ಯಥಾರ್ಥವಾಗಿದೆ. ಮುಂದೆ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ನೀರು ನಿಂತ ಮೇಲೆ ಕಬ್ಬು ಬಂದಿತು. ಕಬ್ಬು ಬಂದ ಮೇಲೆ ಟ್ರ್ಯಾಕ್ಟರು ಬಂದವು. ಟ್ರ್ಯಾಕ್ಟರು ಬಂದ ಮೇಲೆ ನಾವು ಹೇಳಿದ ಆ ಗಾಲಿಜಾಡುಗಳು.

ಬ್ಯಾರೇಜಿನ ಸಮೀಪದ ಬೇವಿನ ನೆರಳಿನಲ್ಲಿ ಹ್ಯಾಂಡಲಿನ ಕೆಲಸವಾಯಿತು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಶಿಷ್ಯನನ್ನು ಫುಟ್‌ರೆಸ್ಟಿನ ಮೇಲೆ ನಿಲ್ಲಿಸಿದೆವು. ಕಣ್ಣು ಮುಚ್ಚಿ ಕೈ ಚಾಚಲು ಹೇಳಿದರೆ ಅವನ ಕೈಗಳು ಹಿಡಿಕೆಗಳಿಗಿಂತ ಎರಡಂಗುಲ ಈಚೆಗೇ ನಿಂತವು. ಅಂದರೆ ಇಷ್ಟು ದಿವಸ ಅವನು ಮುಂದಕ್ಕೆ ಜೋತುಬಿದ್ದು ಹ್ಯಾಂಡಲನ್ನೇ ಆಧಾರ ಮಾಡಿಕೊಂಡು ನಿಲ್ಲುತ್ತಿದ್ದನು. ಹಾಗೆ ಜೋತುಬಿದ್ದವನ ಕೈ ಗಾಡಿ ಕುಲುಕಿದಾಗಲೆಲ್ಲ ತನ್ನಷ್ಟಕ್ಕೆ ಎಕ್ಸಿಲೇಟರನ್ನು ತಿರುಗಿಸಿಬಿಡುತ್ತದೆ. ಹ್ಯಾಂಡಲನ್ನು ಹಿಡಿದಿರುವ ಬೋಲ್ಟುಗಳನ್ನು ಸಡಲಿಸಿ ಅದನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದೆವು. ಬಹಳವಲ್ಲ, ಯಾಕಂದರೆ ತೀರ ಹಿಂದೆ ಬಂದರೆ ನಿಂತವನ ತೊಡೆಗೇ ಅದು ತಾಗುತ್ತದೆ. ನಮ್ಮದು ನೀಳವಾದ ದೇಹವಾದ್ದರಿಂದ ನಮ್ಮ ಗಾಡಿಗೆ ಹ್ಯಾಂಡಲಿನ ಕೆಳಗೆ 25 ಮಿಲಿಮೀಟರಿನ ಎತ್ತರಗುಂಡುಗಳನ್ನು ಹಾಕಿಸಿಕೊಂಡಿದ್ದೇವೆ. ಅವನು ತನಗೂ ಅವು ಬೇಕೆಂದನು. ಕುಳ್ಳನಾದವನಿಗೆ ಅವು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿಯಾವೆಂದು ಬೇಡವೆಂದೆವು. ಹ್ಯಾಂಡಲನ್ನು ಏನೇ ಬದಲಿಸಿದರೂ ಎಡದ ಕೊನೆಗೂ ಬಲದ ಕೊನೆಗೂ ಪೂರ್ಣ ತಿರುಗಿಸಿ, ತಂತಿಗಳಾಗಲಿ ಬ್ರೇಕಿನ ನಳಿಕೆಯಾಗಲಿ ಜಗ್ಗುವದಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ತಂತಿ ಜಗ್ಗಿದರೆ ತಿರುವಿನಲ್ಲಿ ಇಂಜಿನ್ನು ತಾನಾಗಿಯೇ ಏರುತ್ತದೆ.

ಇನ್ನು ಲಿವರುಗಳು. ಕುಳಿತವನ ಮುಂಗೈಯು ಹಿಡಿಕೆಗೆ ಬಹುಮಟ್ಟಿಗೆ ಅಡ್ಡವಾಗಿ ಬರುತ್ತದೆ, ನಿಂತವನದು ಮೇಲಿನಿಂದ ಇಳಿದು ಬರುತ್ತದೆ. ಲಿವರು ಮೇಲಿದ್ದರೆ ನಿಂತವನು ಬ್ರೇಕು ಹಿಡಿಯಲಿಕ್ಕೆ ಮಣಿಕಟ್ಟನ್ನು ಹಿಂದಕ್ಕೆ ಮಡಚಬೇಕು. ನಮ್ಮ ಶಿಷ್ಯನ ಮಣಿಕಟ್ಟಿನ ನೋವು ಬಿದ್ದದ್ದರಿಂದ ಅರ್ಧ, ಇದರಿಂದ ಅರ್ಧ. ಮುಂಗೈ, ಮಣಿಕಟ್ಟು, ಬೆರಳು ಇವು ಒಂದೇ ರೇಖೆಯಲ್ಲಿ ಇಳಿಯುವಷ್ಟು ಲಿವರುಗಳನ್ನು ಕೆಳಗೆ ತಿರುಗಿಸಿದೆವು. ಬ್ರೇಕೆಣ್ಣೆಯ ಡಬ್ಬಿಯು ತೀರ ಓರೆಯಾಗಬಾರದೆಂಬ ಎಚ್ಚರವಿರಲಿ. ಆ ಬಳಿಕ ಅವುಗಳನ್ನು ಒಳಕ್ಕೂ ಸರಿಸಿದೆವು. ಎರಡು ಬೆರಳು ಲಿವರಿನ ತುದಿಗೆ ಬೀಳುವಂತಾದರೆ ಕಡಿಮೆ ಬಲ ಸಾಲುತ್ತದೆ, ಉಳಿದ ಬೆರಳುಗಳು ಹಿಡಿಕೆಯನ್ನು ಬಿಡವು. ಏತದ ಕೋಲಿನ ತುದಿಗೆ ಹೋದಷ್ಟೂ ಹಗುರವೆಂಬುದು ಒಕ್ಕಲಿಗನಿಗೆ ಹೊಸ ಪಾಠವೇನಲ್ಲ. ಕ್ಲಚ್ಚಿನ ಲಿವರಿಗೆ ಬುಡದಲ್ಲಿ 2–3 ಮಿಲಿಮೀಟರು ಸಡಲವಿರಬೇಕು. ಇಲ್ಲವಾದರೆ ಕ್ಲಚ್ಚು ಸವೆಯುತ್ತದೆ.

ಬನಹಟ್ಟಿಯನ್ನು ಮುಟ್ಟುವಾಗ ಮಧ್ಯಾಹ್ನ. ರಬಕವಿ-ಬನಹಟ್ಟಿಗಳು ನೇಕಾರರ ಅವಳಿ ಊರುಗಳು. ಈಗ ಓಣಿ ಓಣಿಗಳಲ್ಲಿ ಕೇಳುವದು ವಿದ್ಯುತ್ ಮಗ್ಗಗಳ ಸದ್ದು. ಕುಣಿಮಗ್ಗವನ್ನು ಹುಡುಕಿಕೊಂಡೇ ಹೋಗಬೇಕು. ಪರಿಚಿತರಾದ ವೃದ್ಧ ನೇಕಾರರೊಬ್ಬರ ಮನೆಯಲ್ಲಿ ಒಂದು ಇನ್ನೂ ಉಳಿದಿತ್ತು. ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ಅವರು ಕಾಲಿನಿಂದ ಒತ್ತುವ ಹಲಗೆಗಳ ಹಗ್ಗವನ್ನು ತೋರಿಸಿದರು. ಅದರಲ್ಲಿ ಎರಡು ಗಂಟುಗಳು: ಒಂದು ಅವರ ಕಾಲಿನ ಅಳತೆಗೆ, ಇನ್ನೊಂದು ತೀರಿಹೋದ ಅವರ ಹೆಂಡತಿಯ ಕಾಲಿನ ಅಳತೆಗೆ. ಆಕೆ ಕುಳಿತಾಗ ಗಂಟು ಬದಲಿಸಿ ಕಟ್ಟುತ್ತಿದ್ದರಂತೆ. “ಮಗ್ಗ ನಮಗ ಹೊಂದಬೇಕ್ರಿ, ನಾವು ಮಗ್ಗಕ್ಕ ಹೊಂದಾಕ ಹೋದ್ರ ನಡಾ ಹೋಗತೈತಿ” ಎಂದರು. ಎರಡನೆಯ ಗಂಟನ್ನು ಅವರು ಬಿಚ್ಚಿರಲಿಲ್ಲ. ನಾವೂ ಅದರ ವಿಷಯವಾಗಿ ಹೆಚ್ಚು ಕೇಳಲಿಲ್ಲ.

ಮಹಾಲಿಂಗಪುರದ ಮೇಲೆ ಹಾಯ್ದು ಮುಧೋಳಕ್ಕೆ ಬಂದೆವು. ಘೋರ್ಪಡೆಯವರ ಈ ಸಂಸ್ಥಾನದ ಬೇಟೆನಾಯಿಗಳು ಲೋಕಪ್ರಸಿದ್ಧವಾದವು. 2005ರಲ್ಲಿ ಅಂಚೆಚೀಟಿಯ ಮೇಲೆಯೂ ಏರಿದವು. ದಾರಿಯಲ್ಲಿ ಅಂಥದೊಂದು ನಾಯಿ ಹೊಲದಲ್ಲಿ ಓಡುತ್ತಿದ್ದುದನ್ನು ಕಂಡೆವು. ಕಾಲುಗಳು ತಗ್ಗುದಿಣ್ಣೆಯ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದವು, ತಲೆಯು ಮಾತ್ರ ನಿಶ್ಚಲವಾಗಿತ್ತು. ಸವಾರನು ನಿಲ್ಲಬೇಕಾದ ಬಗೆಯನ್ನು ಶಿಷ್ಯನಿಗೆ ಇದಕ್ಕಿಂತ ಚೆನ್ನಾಗಿ ತೋರಿಸಲು ನಮ್ಮಿಂದಾಗುತ್ತಿರಲಿಲ್ಲ. ಇದು ರನ್ನಕವಿಯ ಊರೂ ಅಹುದು. ಗದಾಯುದ್ಧವನ್ನು ಬರೆದ ಆ ಮಹಾಕವಿಯು ಬಳೆಗಾರರ ಮನೆಯವನು. ಕೈಯನ್ನು ಹಿಡಿದು ನೋಡಿಯೇ ಬಳೆಯನ್ನು ಆರಿಸುವದು ಆ ವೃತ್ತಿಯ ಕ್ರಮ. ಗಾಡಿಯ ಅಂಗಡಿಗಳಲ್ಲಿ ಮಾತ್ರ ಒಂದೇ ಅಳತೆಯ ಬಳೆಯನ್ನು ಎಲ್ಲರಿಗೂ ತೊಡಿಸಿ ಕಳಿಸುತ್ತಾರೆ.

ಮುಧೋಳದ ಒಂದು ಚಿಕ್ಕ ಗ್ಯಾರೇಜಿನಲ್ಲಿ ಪಾನಾಗಳನ್ನು ಎರವು ಪಡೆದು ಕಾಲಿನ ಕೆಲಸವನ್ನು ಮುಗಿಸಿದೆವು. ಶಿಷ್ಯನು ಬಿದ್ದುದರ ನಿಜವಾದ ಕಾರಣವು ಇಲ್ಲಿತ್ತು. ಅವನ ಹಿಂಬ್ರೇಕಿನ ಪೆಡಲು ಫುಟ್‌ರೆಸ್ಟಿಗಿಂತ ಬಹಳ ಕೆಳಗಿದ್ದಿತು. ಕುಳಿತಾಗ ಅದು ಅನುಕೂಲವೇ. ನಿಂತಾಗ ಮೊಣಕಾಲು ಮುಂದೆ ಬಾಗಿರುವದರಿಂದ ಅದನ್ನು ಒತ್ತಲಿಕ್ಕೆ ಪಾದವನ್ನೇ ಎತ್ತಿ ಕೆಳಗೆ ಚಾಚಬೇಕು. ಕೆಸರಿನಲ್ಲಿ ಪಾದ ಎತ್ತಿದ ಆ ಕ್ಷಣದಲ್ಲಿಯೇ ಅವನು ತೂಕ ತಪ್ಪುತ್ತಿದ್ದನು. ಬೀಳುವ ಭಯದಿಂದ ಮುಂಬ್ರೇಕನ್ನು ಬಿಗಿಹಿಡಿಯುತ್ತಿದ್ದನು. ಮುಂದಿನ ಗಾಲಿ ಜಾರುತ್ತಿತ್ತು. ಪೆಡಲಿನ ಬೋಲ್ಟನ್ನು ತಿರುಗಿಸಿ ಅದನ್ನು ಫುಟ್‌ರೆಸ್ಟಿನ ಮಟ್ಟಕ್ಕೆ ತಂದೆವು. ಇಲ್ಲಿ ಎರಡು ಪರೀಕ್ಷೆಗಳನ್ನು ಮಾಡದೆ ಬಿಡಲೇಬಾರದು. ಹಿಂದಿನ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದರೆ ಅದು ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಬ್ರೇಕು ಹಿಡಿದುಕೊಂಡೇ ಇದೆ, ದಾರಿಯಲ್ಲಿ ಕಾಯ್ದು ಕೆಡುತ್ತದೆ. ಎರಡನೆಯದಾಗಿ, ಹಿಂದಿನ ಕೆಂಪು ದೀಪವು ಪೆಡಲು ಒತ್ತಿದಾಗ ಹತ್ತಬೇಕು, ಬಿಟ್ಟಾಗ ಆರಬೇಕು. ಪೆಡಲನ್ನು ಸರಿಸಿದಾಗ ಅದರ ಸ್ವಿಚ್ಚನ್ನೂ ಸರಿಸಬೇಕಾಗುತ್ತದೆ. ಗೇರಿನ ಲಿವರನ್ನು ಹಲ್ಲಿನ ಮೇಲಿನಿಂದ ಕಳಚಿ ಒಂದೇ ಒಂದು ಹಲ್ಲು ಮೇಲಕ್ಕೆ ಕೂಡಿಸಿದೆವು. ದಪ್ಪ ಬೂಟಿನ ಮೂತಿ ಅದರ ಕೆಳಗೆ ಸರಾಗವಾಗಿ ಹೋಗುವಂತಾಯಿತು. ಫುಟ್‌ರೆಸ್ಟಿನ ರಬ್ಬರುಗಳನ್ನು ತೆಗೆದೆವು. ಒದ್ದೆ ಬೂಟಿಗೆ ರಬ್ಬರು ಜಾರುತ್ತದೆ, ಕೆಳಗಿನ ಕಬ್ಬಿಣದ ಹಲ್ಲು ಹಿಡಿಯುತ್ತದೆ.

ಮರುದಿನ ಪೂರ್ವಕ್ಕೆ ಬೀಳಗಿಯ ದಾರಿ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಈ ತಾಲೂಕಿನ ಎಷ್ಟೋ ಹೊಲಮನೆಗಳನ್ನು ನುಂಗಿದೆ. ಈಗ ನೀರನ್ನು 519.60 ಮೀಟರಿನ ಮಟ್ಟದ ವರೆಗೆ ನಿಲ್ಲಿಸುತ್ತಾರೆ. ಹಳೆಯ ಊರಿನ ದಾರಿಯು ನೆಟ್ಟಗೆ ನೀರಿನೊಳಗೆ ಇಳಿದು ಹೋಗುವದನ್ನು ನೋಡಿದಾಗ ಮನಸ್ಸು ಮ್ಲಾನವಾಗುತ್ತದೆ. ಹಿಂದಿನ ಸಂಜೆ ಅಕಾಲದ ಮಳೆ ಬಿದ್ದಿದ್ದರಿಂದ ದಡದ ಎರೆಯು ಬೆಣ್ಣೆಯಂತಾಗಿತ್ತು. ಬೇರೆ ಪರೀಕ್ಷೆಯು ಬೇಕಿರಲಿಲ್ಲ.

ಶಿಷ್ಯನು ಎದ್ದು ನಿಂತನು. ಮೊಣಕಾಲುಗಳಿಂದ ಟಾಕಿಯನ್ನು ಅವುಚಿ, ಮೊಣಕೈಗಳನ್ನು ಹೊರಚಾಚಿ, ಗಾಲಿಯ ಮುಂದಿನ ಕೆಸರನ್ನಲ್ಲ, ಇಪ್ಪತ್ತು ಮಾರು ಆಚೆಯ ಜಾಲಿಗಿಡವನ್ನು ನೋಡುತ್ತ ಹೊರಟನು. ಗಾಲಿಜಾಡು ಮುರಿಯುವಲ್ಲಿ ಹಿಂಬ್ರೇಕನ್ನು ಅವನು ಒತ್ತಿದ್ದು ನಮಗೆ ಹಿಂದಿನಿಂದ ಕೆಂಪು ದೀಪದಿಂದಲೇ ತಿಳಿಯಿತು, ಪಾದವು ಎತ್ತಲ್ಪಡಲಿಲ್ಲ. ಗಾಡಿಯ ಬಾಲವು ಒಮ್ಮೆ ಎಡಕ್ಕೆ ಹೋಗಿ ತಿರುಗಿ ಬಂದಿತು. ಮೂರನೆಯ ಜಾಡಿನಲ್ಲಿ, ಬಹುತೇಕ ನಿಂತೇ ಹೋದ ವೇಗದಲ್ಲಿ, ಗಾಡಿ ಮೆಲ್ಲಗೆ ಬಲಕ್ಕೆ ಮಲಗಿತು. ಓಡಿಹೋಗಿ ನೋಡಿದರೆ ಅವನು ಆಗಲೇ ಎದ್ದು ನಗುತ್ತಿದ್ದನು. ಮುಂಬ್ರೇಕಿನ ಲಿವರು ಮುರಿಯದೆ ಮೇಲಕ್ಕೆ ತಿರುಗಿಕೊಂಡಿತ್ತು. ಅದಕ್ಕೊಂದು ಯುಕ್ತಿಯನ್ನು ಮಾಡಿದ್ದೆವು: ನಳ ಜೋಡಿಸುವವರು ಸುತ್ತುವ ಬಿಳಿಯ ಟೇಪನ್ನು ಹಿಡಿಕೆಯ ಕಂಬಿಗೆ ಸುತ್ತಿ ಅದರ ಮೇಲೆ ಲಿವರನ್ನು ಬಿಗಿದಿದ್ದೆವು. ಸವಾರಿಯಲ್ಲಿ ಅಲುಗದಷ್ಟು, ಅಂಗೈಯಿಂದ ಬಲವಾಗಿ ತಳ್ಳಿದರೆ ತಿರುಗುವಷ್ಟು ಬಿಗಿ. ಅಂಗೈಯಿಂದ ತಳ್ಳಿದನು, ಲಿವರು ತನ್ನ ಸ್ಥಾನಕ್ಕೆ ಬಂದಿತು.

ಆ ದಡದಲ್ಲಿ ಅವನು ಮತ್ತೆ ಆರು ಸಲ ಹೋಗಿಬಂದನು, ಬೀಳಲಿಲ್ಲ. ಬೀಳಗಿಗೆ ಬಂದು ಉಗುರುಬಣ್ಣದ ಒಂದು ಸೀಸೆಯನ್ನು ಕೊಂಡು, ಹ್ಯಾಂಡಲು, ಲಿವರು, ಪೆಡಲು, ಗೇರು ಇವು ನಿಂತ ಸ್ಥಾನಗಳಿಗೆಲ್ಲ ಒಂದೊಂದು ಗೆರೆ ಎಳೆದೆವು. ಗಾಡಿಯನ್ನು ಸರ್ವೀಸಿಗೆ ಬಿಟ್ಟಾಗ ಯಾರಾದರೂ ಮೊದಲಿನಂತೆ ಮಾಡಿಬಿಟ್ಟರೆ ಗೊತ್ತಾಗಲೆಂದು. ಉಳಿದ ಬಣ್ಣವನ್ನು ಅವನು ಹೆಂಡತಿಗೆಂದು ಕಿಸೆಯಲ್ಲಿಟ್ಟುಕೊಂಡನು. ಗಾಡಿಯ ಮಾರಾಟದ ಮಾತು ಸದ್ಯಕ್ಕೆ ಯುಗಾದಿಯ ವರೆಗೆ ಮುಂದೆ ಹೋಗಿದೆಯೆಂದು ಆಕೆಯೇ ನಮಗೆ ಫೋನಿನಲ್ಲಿ ತಿಳಿಸಿದಳು.