ಮರದ ತುಂಡಿನ ಪರೀಕ್ಷೆ

ನಮ್ಮ ಮಗನು ಉದ್ಯೋಗವನ್ನು ಬಿಟ್ಟು ಬಂದು, ವಿದ್ಯುತ್ತಿನಿಂದ ನಡೆಯುವ ಒತ್ತುಶಾವಿಗೆಯ ಯಂತ್ರವನ್ನು ನಿರ್ಮಿಸುವೆನೆಂದಾಗ ನಮಗೆ ಸಂತೋಷವಾಯಿತೆಂದರೆ ಸುಳ್ಳಾದೀತು. ಮೊದಲ ಮಾದರಿಗೇ 4 ಲಕ್ಷ ರೂಪಾಯಿ ಬೇಕು; ಆ ಹಣವಾದರೋ ನಮ್ಮ ನಿವೃತ್ತಿಯ ಇಡಗಂಟು. ಬೆಂದ ಹಿಟ್ಟಿನುಂಡೆಯನ್ನು ಬಿಸಿಯಾರುವ ಮೊದಲೇ ಒತ್ತಬೇಕು. ಒರಳನ್ನು ಒಬ್ಬರು ಹಿಡಿದರೆ ಇನ್ನೊಬ್ಬರು ತಿರುಗಿಸಬೇಕು. ಈ ಕಷ್ಟವನ್ನು ಬಲ್ಲ ನೆರೆಯ ಗೃಹಿಣಿಯರೆಲ್ಲ, "ಅಂಥದೊಂದಿದ್ದರೆ ಎಷ್ಟು ಚೆನ್ನಾಗಿತ್ತು!" ಎಂದು ಅವನನ್ನು ಕೊಂಡಾಡಿದರು.

ನಮ್ಮ ಮನೆಯವರು ಮಾತ್ರ, "ಹೊಗಳುವುದಕ್ಕೆ ಕಾಸು ಖರ್ಚಿಲ್ಲವಪ್ಪ. ಮುಂಗಡ ಕೇಳಿ ನೋಡು" ಎಂದರು.

ಇಲ್ಲದ ಪದಾರ್ಥಕ್ಕೆ ಹಣ ಕೇಳುವುದೆಂತು? ಮಗನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಬಂದು, ಓದಿದ ಸಂಗತಿಗಳನ್ನು ತಿಳಿಸಿದನು. 1996ರಲ್ಲಿ ಮಾರಾಟಕ್ಕೆ ಬಂದ 'ಪೈಲಟ್' ಎಂಬ ಅಂಗೈಯಗಲದ ಗಣಕವನ್ನು ನಿರ್ಮಿಸುವ ಮುನ್ನ, ಅಮೆರಿಕದ ಜೆಫ್ ಹಾಕಿನ್ಸ್ ಎಂಬವರು ಅದೇ ಗಾತ್ರದ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಅದು ಯಾವಾಗ ಬೇಕೆನಿಸುವುದೆಂದು ಪರೀಕ್ಷಿಸಿದರಂತೆ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಎಂಬವರು ದಾಸ್ತಾನನ್ನೇ ಕೊಳ್ಳದೆ, ಅಂಗಡಿಗಳಲ್ಲಿದ್ದ ಜೋಡುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿ, ಗಿರಾಕಿ ಕೇಳಿದ ಮೇಲೆ ಆ ಅಂಗಡಿಯಿಂದಲೇ ಕೊಂಡು ಕಳುಹಿಸಿದರಂತೆ. ಅದೇ ಮುಂದೆ ಝಾಪೋಸ್ ಎಂಬ ದೊಡ್ಡ ವ್ಯಾಪಾರವಾಯಿತು. "ಅಮ್ಮ ಹೇಳಿದ್ದೂ ಇದನ್ನೇ" ಎಂದನು.

ಬಡಗಿಯಿಂದ 600 ರೂಪಾಯಿಗೆ ಯಂತ್ರದಷ್ಟೇ ದೊಡ್ಡದಾದ ಮರದ ತುಂಡೊಂದನ್ನು ಮಾಡಿಸಿ, ಅಪ್ಪ ಮಕ್ಕಳಿಬ್ಬರೂ ಹೊತ್ತುಕೊಂಡು 20 ಮನೆಗಳಿಗೆ ಹೋದೆವು. ಯಂತ್ರವಿನ್ನೂ ಆಗಿಲ್ಲ, ಆಗದಿದ್ದರೆ ಮುಂಗಡದ 500 ರೂಪಾಯಿ ಹಿಂದಕ್ಕೆ ಬರುವುದೆಂದು ಮುಚ್ಚುಮರೆಯಿಲ್ಲದೆ ತಿಳಿಸಿದೆವು. "ಇದನ್ನು ನಿಮ್ಮ ಅಡಿಗೆಮನೆಯಲ್ಲಿ ಎಲ್ಲಿಡುವಿರಿ?" ಎಂದು ಕೇಳಿದರೆ, ಮಿಕ್ಸಿ, ಗ್ರೈಂಡರುಗಳ ನಡುವೆ ಎಡೆಯೇ ಇಲ್ಲ! ಒಬ್ಬಾಕೆ ಅದನ್ನು ನೇರವಾಗಿ ಅಟ್ಟಕ್ಕೇರಿಸಿದರು. ಶಾವಿಗೆಯನ್ನು ಕಡೆಯ ಬಾರಿ ಒತ್ತಿದ್ದು ಯಾವಾಗಲೆಂದರೆ, "ಯುಗಾದಿಯ ಹಿಂದೆ ಮುಂದೆ" ಎಂಬ ಉತ್ತರ. ನಾವು ಕೇಳಿದ್ದು ಕಾರ್ತಿಕದಲ್ಲಿ. ಮುಂಗಡ ಕೊಟ್ಟವರು ಇಬ್ಬರು. ಅವರಲ್ಲೊಬ್ಬರು ನಮ್ಮ ಷಡ್ಡಕರು. ಅವರನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಆದರೆ 7 ಮನೆಗಳಲ್ಲಿ ನಾವು ಕೇಳದ ಮಾತೊಂದು ಬಂದಿತು: "ಯಂತ್ರವೇಕೆ? ಭಾನುವಾರ ಬೆಳಿಗ್ಗೆ ಒತ್ತಿದ ಶಾವಿಗೆಯನ್ನೇ ಕಳುಹಿಸಿಕೊಡುವಿರಾ?" ಐವರು ಹಣವನ್ನೂ ಅಲ್ಲಿಯೇ ಎಣಿಸಿಕೊಟ್ಟರು.

ಯಂತ್ರದ ಮುಂಗಡವನ್ನು ಹಿಂದಿರುಗಿಸಿದೆವು. ಭಾನುವಾರ ನಾಲ್ಕು ಗಂಟೆಗೇ ಎದ್ದು, ನಮ್ಮ ತಾಯಿಯ ಕಾಲದ ಒರಳನ್ನು ಮಗನು ಹಿಡಿದನು, ನಾವು ತಿರುಗಿಸಿದೆವು. ಈ ವಾರ 11 ಮನೆಗಳಿಂದ ಬೇಡಿಕೆ ಬಂದಿದೆ. ತೋಳು ನೊಂದು, ಆ ಯಂತ್ರವಿದ್ದಿದ್ದರೆ ಚೆನ್ನಾಗಿತ್ತೆಂದು ಈಗ ನಾವೇ ಹೇಳತೊಡಗಿದ್ದೇವೆ. ಮುಂಗಡವೆಷ್ಟು ಕೊಡುವಿರೆಂದು ನಮ್ಮ ಮನೆಯವರು ಕೇಳುತ್ತಾರೆ.