ನರ್ಸಬಾಯಿ ಕೈಯಾಗ ಏನಿತ್ತು?

ನಮ್ಮ ಧಾರವಾಡದ ಕಡೆ ‘ಡಾಕ್ಟರು ರಿಸರ್ಚ್ ಮಾಡಾಕತ್ತಾರ’ ಅಂದರೆ ಮೊದಲು ಬರುವ ಪ್ರಶ್ನೆ, ‘ಯಾರ ಮ್ಯಾಲೆ?’ ಅರ್ಧ ತಮಾಷೆ, ಅರ್ಧ ಭಯ. ಬಡವರ ಮೈಮೇಲೆ ಪ್ರಯೋಗ ಮಾಡಿ, ಪೇಪರ್ ಬರೆದು, ಹೆಸರು ಮಾಡಿಕೊಂಡು ಹೋಗುತ್ತಾರೆ ಅನ್ನುವ ಸಂಶಯ ಜನರಿಗೆ ಸುಮ್ಮನೆ ಬಂದದ್ದಲ್ಲ ಬಿಡಿ. ನನ್ನ ಮಗಳು ಎಂಬಿಬಿಎಸ್ ಮುಗಿಸಿ, ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿಗೆ ಸೇರಿದಾಗ ಬಳಗದವರ ಮುಖ ನೋಡಬೇಕಿತ್ತು. ಒಬ್ಬರಂತೂ ನೇರವಾಗಿ ಕೇಳಿಯೇಬಿಟ್ಟರು: “ಅಂದ್ರ ಇಂಜೆಕ್ಷನ್ ಮಾಡೂದಿಲ್ಲ, ಬರೇ ಲೆಕ್ಕಾ ಬರಿಯೂ ಡಾಕ್ಟರ್ ಏನು?” ಮಗಳು ನಕ್ಕು “ಹೂಂ ರೀ, ಲೆಕ್ಕಾ ಬರಿಯೂ ಡಾಕ್ಟರ್” ಅಂದಳು.

ಆ ಲೆಕ್ಕಕ್ಕೆ ನಮ್ಮ ಮನೆಯಲ್ಲಿ ಬೆಲೆ ಕೊಟ್ಟವಳು ನನ್ನ ಚಿಗವ್ವ ಒಬ್ಬಳೇ. ಆಕೆ ಕಲಘಟಗಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಬಹಳ ವರ್ಷ ಎಎನ್‌ಎಂ ಆಗಿದ್ದವಳು. ಊರವರ ಬಾಯಲ್ಲಿ ‘ನರ್ಸಬಾಯಿ’. ಹುಬ್ಬಳ್ಳಿ-ಧಾರವಾಡದಲ್ಲಿ ಕೂತವರಿಗೆ ಕಲಘಟಗಿ ಅಂದರೆ ಒಂದು ತಾಸಿನ ದಾರಿ. ಆದರೆ ಅದರ ಪಶ್ಚಿಮದ ಅಂಚಿಗೆ ಹೋದರೆ ಕಾಡು ಶುರುವಾಗುತ್ತದೆ. ಸಿದ್ದಿಗಳ ಮನೆಗಳು, ಗೌಳಿಗರ ದಡ್ಡಿಗಳು, ನಡುವೆ ಹಳ್ಳಗಳು. ಬೇಸಿಗೆಯಲ್ಲಿ ದಾಟಿ ಹೋಗುವ ಹಳ್ಳ ಶ್ರಾವಣದಲ್ಲಿ ದಾಟಲು ಬಿಡುವುದಿಲ್ಲ. ಚಿಗವ್ವನ ಚೀಲದಲ್ಲಿ ಕತ್ತರಿ, ದಾರ, ಡೆಟಾಲ್, ಕೂಸು ತೂಗುವ ಸ್ಪ್ರಿಂಗ್ ತಕ್ಕಡಿ, ಕಬ್ಬಿಣದ ಗುಳಿಗೆ ಇರುತ್ತಿದ್ದವು. ಅಷ್ಟೇ.

ತೊಂಬತ್ತರ ದಶಕದ ಒಂದು ಮಳೆಗಾಲದ ರಾತ್ರಿ ಗೌಳಿ ದಡ್ಡಿಯೊಂದರಲ್ಲಿ ಆಕೆ ಹೆರಿಗೆ ಮಾಡಿಸಿದಳು. ಮೂರನೆಯ ಹೆರಿಗೆ, ಸಲೀಸಾಗಿ ಆಯಿತು. ಕೂಸು ಅತ್ತಿತು, ಮಾಸು ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ. ಚಿಗವ್ವ ಹೊಟ್ಟೆ ತಿಕ್ಕಿದಳು, ಕೂಸಿಗೆ ಮೊಲೆ ಹಿಡಿಸಿದಳು, ಕಾಲ ಕೆಳಗೆ ಕೌದಿ ಮಡಚಿ ಇಟ್ಟಳು. ಟ್ರ್ಯಾಕ್ಟರ್ ತರಲು ಹೋದ ಹುಡುಗ ತಿರುಗಿ ಬರುವಷ್ಟರಲ್ಲಿ ಬಾಣಂತಿ ಇರಲಿಲ್ಲ. ಈ ಕಥೆಯನ್ನು ಚಿಗವ್ವ ನಮಗೆ ಹೇಳಿದ್ದು ಬಹಳ ಸಲ ಅಲ್ಲ, ಮೂರೋ ನಾಲ್ಕೋ ಸಲ. ಪ್ರತಿ ಸಲವೂ ಒಂದು ಮಾತು ಬಿಡುತ್ತಿರಲಿಲ್ಲ: “ಕಂದೀಲ ಬೆಳಕಿನ್ಯಾಗ ನೆತ್ತರಾ ಕರ್ರಗ ಕಾಣತೈತಿ. ಮಣ್ಣಿನ ನೆಲಾ ಎಷ್ಟ ಕುಡೀತು ಅಂತ ನನಗ ತಿಳೀಲೇ ಇಲ್ಲ.”

ಹೆರಿಗೆಯಾದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯಬೇಕು. ಬಿಗಿದರೆ ರಕ್ತನಾಳಗಳು ಅದುಮಿಕೊಂಡು ಮುಚ್ಚುತ್ತವೆ. ಸಡಿಲ ಬಿದ್ದರೆ ಗಟ್ಟಿಮುಟ್ಟಾದ ಹೆಂಗಸೂ ಎರಡು ತಾಸಿನೊಳಗೆ ಹೋಗಿಬಿಡಬಹುದು. ಇದಕ್ಕೆ ಆಕ್ಸಿಟೋಸಿನ್ ಅನ್ನುವ ಒಳ್ಳೆಯ ಇಂಜೆಕ್ಷನ್ ಎಂದಿನಿಂದಲೋ ಇದೆ. ಆದರೆ ಅದನ್ನು ಫ್ರಿಜ್‌ನಲ್ಲಿ ಇಡಬೇಕು, ಸೂಜಿ ಬೇಕು, ಕೊಡಲು ಅಧಿಕಾರ ಇರುವ ಕೈ ಬೇಕು. ಚಿಗವ್ವನ ಉಪಕೇಂದ್ರಕ್ಕೆ ಕರೆಂಟೇ ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ 1957ರಲ್ಲೇ ಮೆಡಿಕಲ್ ಕಾಲೇಜು ಶುರುವಾಗಿದೆ, ಇಂದಿಗೂ ಸುತ್ತಲಿನ ಜಿಲ್ಲೆಗಳ ಕಷ್ಟದ ಹೆರಿಗೆಗಳೆಲ್ಲ ಬಂದು ಮುಟ್ಟುವುದು ನಮ್ಮ ಕಿಮ್ಸ್‌ಗೇ. ಮುಟ್ಟಿದವರ ಮಾತು ಅದು. ದಡ್ಡಿಯಿಂದ ಡಾಂಬರು ರಸ್ತೆಗೇ ಮುಟ್ಟದವರ ಸಲುವಾಗಿ ಯಾರು ತಲೆ ಕೆಡಿಸಿಕೊಂಡರು?

ಕೆಡಿಸಿಕೊಂಡವರು ಇದ್ದರು, ಇಲ್ಲೇ, ಪಕ್ಕದ ಬೆಳಗಾವಿಯಲ್ಲಿ. ಇದನ್ನು ನನಗೆ ಹೇಳಿದವಳು ಮಗಳು. ಒಂದು ಭಾನುವಾರ ಮಧ್ಯಾಹ್ನ ಕಾಗದದ ಕಂತೆ ಹಿಡಿದು ಬಂದು ಚಿಗವ್ವನ ಮುಂದೆ ಕೂತಳು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ್ ಮತ್ತವರ ಸಂಗಡಿಗರು, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರ ಜೊತೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ ಅದು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅವರು ಹಿಡಿದುಕೊಂಡದ್ದು ಮಿಸೊಪ್ರೊಸ್ಟಾಲ್ ಅನ್ನುವ, ಮೊದಲು ಹೊಟ್ಟೆ ಹುಣ್ಣಿಗೆಂದು ಬಂದ ಅಗ್ಗದ ಗುಳಿಗೆಯನ್ನು. ಫ್ರಿಜ್ ಬೇಡ, ಸೂಜಿ ಬೇಡ. ಹೆರಿಗೆ ಆದಕೂಡಲೇ ಬಾಯಲ್ಲಿ 600 ಮೈಕ್ರೊಗ್ರಾಂ. ಗರ್ಭಕೋಶ ಬಿಗಿಯುತ್ತದೆ.

ಮಗಳು ಓದಿ ಹೇಳುವಾಗ ಚಿಗವ್ವ ನಡುವೆ ತಡೆದಳು.

“ಗುಳಗಿ ಯಾರ ಕೈಲೆ ಕೊಡಿಸ್ಯಾರ?”

“ಎಎನ್‌ಎಂಗಳ ಕೈಲೆ ಅಜ್ಜೀ. ನಿನ್ನಂಥೋರ ಕೈಲೆ.”

“ದವಾಖಾನ್ಯಾಗೋ?”

“ಮನ್ಯಾಗ. ಇಲ್ಲಾ ಉಪಕೇಂದ್ರದಾಗ.”

ಚಿಗವ್ವ ಸೆರಗಿನಿಂದ ಕನ್ನಡಕ ಒರೆಸುತ್ತ ಕೂತಳು. ಬಹಳ ಹೊತ್ತು ಒರೆಸಿದಳು.

ನನಗೆ ಅನಿಸಿದ್ದು ಇಷ್ಟು: ಈ ಡಾಕ್ಟರುಗಳು ಹೊಸ ಔಷಧಿ ಏನೂ ಕಂಡುಹಿಡಿಯಲಿಲ್ಲ. ‘ಗುಳಿಗೆ ಎಷ್ಟು ಜೋರು’ ಅನ್ನುವುದಕ್ಕಿಂತ ‘ಆ ಹೊತ್ತಿಗೆ ಅಲ್ಲಿ ಯಾರು ಇರುತ್ತಾರೆ, ಅವರ ಕೈಯಲ್ಲಿ ಏನು ಕೊಟ್ಟರೆ ಕೆಲಸ ಆಗುತ್ತದೆ’ ಅಂತ ಕೇಳಿದರು. ಅದನ್ನು ಕೇಳಬೇಕಾದರೆ ಹಳ್ಳಿಯ ಹೆರಿಗೆ ಹೇಗಿರುತ್ತದೆ ಅಂತ ಗೊತ್ತಿರಬೇಕು.

ಚಿಗವ್ವನ ಕಂದೀಲಿನ ಮಾತಿಗೂ ಅದರಲ್ಲಿ ಉತ್ತರ ಇತ್ತು. ರಕ್ತ ಎಷ್ಟು ಹೋಯಿತು ಅಂತ ಕಣ್ಣಂದಾಜಿನಿಂದ ತಿಳಿಯುವುದಿಲ್ಲ, ದೊಡ್ಡ ದೊಡ್ಡ ಡಾಕ್ಟರರೂ ಕಡಿಮೆಯೇ ಹೇಳುತ್ತಾರೆ. ಬೆಳಗಾವಿಯಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಹಾಳೆ ಬಳಸಿದರು. ಬಾಣಂತಿಯ ಸೊಂಟದ ಕೆಳಗೆ ಹಾಸುವುದು, ಕೆಳತುದಿಯಲ್ಲಿ ಲಾಳಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಹಾಲಿನ ಡೇರಿಯಲ್ಲಿ ಲೀಟರ್ ನೋಡಿದಂತೆ ನೋಡಬಹುದು. 500 ಮಿಲಿ ಲೀಟರ್ ಗೆರೆ ಮುಟ್ಟಿತೆಂದರೆ ಅಪಾಯ. ಅಲ್ಲೇ ಇನ್ನೊಂದು ಅಧ್ಯಯನದಲ್ಲಿ ಹಾಳೆಯ ಅಳತೆಗೂ ಕಣ್ಣಂದಾಜಿಗೂ ತಾಳೆ ಹಾಕಿದರೆ, ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂತು.

ಇನ್ನು ಫಲಿತಾಂಶ. ಒಟ್ಟು 1620 ಹೆಂಗಸರು. ಅರ್ಧ ಮಂದಿಗೆ ಖರೇ ಗುಳಿಗೆ, ಅರ್ಧ ಮಂದಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಗುಳಿಗೆ. ಯಾವುದು ಯಾವುದೆಂದು ಕೊಟ್ಟ ನರ್ಸಿಗೂ ಗೊತ್ತಿಲ್ಲ. ಔಷಧಿ ಇಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ರಕ್ತಸ್ರಾವ ಅಪಾಯದ ಗೆರೆ ದಾಟಿತ್ತು. ಔಷಧಿ ತಗೊಂಡವರಲ್ಲಿ 6.4. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿಯಿತು. ನಡುಕ, ಜ್ವರ ಒಂದಿಷ್ಟು ಹೆಚ್ಚು ಬಂತು, ಅದು ತಾನಾಗಿ ಇಳಿಯುವಂಥದ್ದು. 18 ಹೆಂಗಸರಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪಿದಂತೆ.

“ಹಂಗಾದ್ರ ಅರ್ಧ ಮಂದಿಗೆ ಸುಳ್ಳ ಗುಳಗಿ ಕೊಟ್ರೇನ?” ಚಿಗವ್ವನ ದನಿ ಏರಿತು.

“ಹೇಳಿ, ಒಪ್ಪಿಗಿ ತಗೊಂಡ ಕೊಟ್ಟಾರ ಅಜ್ಜೀ. ಆಗ ಮನ್ಯಾಗ ಹಡಿಯೋರಿಗೆ ಹೆಂಗೂ ಯಾವ ಔಷಧಿನೂ ಇರಲಿಲ್ಲಲ್ಲ. ಇದ್ದದ್ದನ್ನ ಕಸ್ಕೊಂಡಿಲ್ಲ.”

“ಇರಲಿ. ನಾನಾಗಿದ್ರ ಎಲ್ಲಾ ಪೊಟ್ಟಣ ಬಿಚ್ಚಿ ಖರೇ ಗುಳಗಿ ಯಾವ್ದು ಅಂತ ಹುಡುಕತಿದ್ದೆ.”

ಮಗಳು “ಅದಕ್ಕ ನಿನ್ನ ತಗೊಂಡಿಲ್ಲ ಅವ್ರು” ಅಂದಳು. ಮೂವರೂ ನಕ್ಕೆವು. ಆದರೆ ಆ ಅರ್ಧದ ಬಗ್ಗೆ ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ. ‘ಯಾರ ಮ್ಯಾಲೆ?’ ಅಂತ ಕೇಳುವವರ ಬಾಯಿ ಮುಚ್ಚಿಸಬಾರದು ಅನ್ನುವವಳು ನಾನು. ಹಾಗಂತ ಆ ಲೆಕ್ಕ ಇಲ್ಲದೆ ಸರಕಾರಗಳು ನರ್ಸಬಾಯಿಯ ಕೈಯನ್ನು ನಂಬುತ್ತಿದ್ದವೇ? ನನಗಂತೂ ಅನುಮಾನ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಮನೆ ಹೆರಿಗೆ ಆಗಬಹುದಾದ ಕಡೆ ಇದನ್ನು ಹಂಚಲು ಮಾರ್ಗಸೂಚಿ ತಂದಿತು. ಅಳತೆ ಚೀಲದ ಹಾಸಿಗೆ ಹಾಳೆಯನ್ನೇ ಮುಖ್ಯವಾಗಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ಮಾಡಿದ ದೊಡ್ಡ ಅಧ್ಯಯನ 2023ರಲ್ಲಿ ಹೊರಬಂತು. ಬೇಗ ಗುರುತಿಸಿ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಕೊಟ್ಟದ್ದರಿಂದ ತೀವ್ರ ತೊಂದರೆಗಳು 60 ಶೇಕಡಾ ಕಡಿಮೆಯಾದವು.

(ಓದುಗರಲ್ಲಿ ಒಂದು ಮಾತು: ಇದು ಅಂಗಡಿಯಿಂದ ತಂದು ಮನೆಯಲ್ಲಿ ಇಟ್ಟುಕೊಳ್ಳುವ ಗುಳಿಗೆ ಅಲ್ಲ. ಕೂಸು ಹೊಟ್ಟೆಯಲ್ಲಿ ಇರುವಾಗಲೇ ತಗೊಂಡರೆ ಗರ್ಭಕೋಶವೇ ಒಡೆಯಬಹುದು. ಕಲಿತವರ ಕೈಯಿಂದಲೇ ಆಗಬೇಕು.)

‘ಈಗೆಲ್ಲಿ ಮನೆ ಹೆರಿಗೆ?’ ಅಂತ ನೀವು ಕೇಳಬಹುದು. ಖರೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆಸ್ಪತ್ರೆ ಹೆರಿಗೆ ನೂರಕ್ಕೆ ಸುಮಾರು 65 ಇದ್ದದ್ದು, 2019-21ರ ಹೊತ್ತಿಗೆ 97 ಆಗಿತ್ತು. ಆಶಾಗಳು ಬಂದರು, 2008ರಿಂದ 108 ಅಂಬುಲೆನ್ಸ್ ಬಂತು. ಒಂದು ಲಕ್ಷ ಹೆರಿಗೆಗೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರೆ 2018-20ರಲ್ಲಿ 69. ಕಡಿಮೆ ಸಾಧನೆ ಅಲ್ಲ. ಆದರೂ ಆ ವರ್ಷಗಳ ಲೆಕ್ಕದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. ಕೇರಳದ್ದು 19. ಆಸ್ಪತ್ರೆಗೆ ಮುಟ್ಟಿದರೂ ಮುಗಿಯಲಿಲ್ಲ ಅಂತ 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವು ತೋರಿಸಿತು. ಇನ್ನು ಆ ನೂರರಲ್ಲಿ ಉಳಿದ 3 ಮಂದಿ ಯಾರು ಅಂತ ಕೇಳಿದರೆ, ಮಗಳು ಹೇಳುವುದು, ಅವರು ಎಲ್ಲ ಊರಲ್ಲೂ ಸಮನಾಗಿ ಹಂಚಿಹೋಗಿಲ್ಲ, ಕೆಲವೇ ಕಡೆ ಗುಂಪಾಗಿ ಸಿಗುತ್ತಾರೆ ಅಂತ.

ಆಕೆಯ ಎಂಡಿ ಪ್ರಬಂಧ ಅದರ ಮೇಲೆಯೇ. ಚಿಗವ್ವ ಓಡಾಡಿದ ಸೀಮೆಯ ದಡ್ಡಿಗಳಿಗೆ ಹೋಗಿ, ಮನೆ ಮನೆ ಕೂತು, ಬಸಿರು-ಬಾಣಂತನದಲ್ಲಿ ಯಾರಲ್ಲಿಗೆ ಹೋದಿರಿ, ಹೇಗೆ ಹೋದಿರಿ ಅಂತ ಕೇಳುವುದು. ಹೋಗುವ ಹಿಂದಿನ ದಿನ ಪ್ರಶ್ನೆಗಳ ಹಾಳೆಯನ್ನು ಅಜ್ಜಿಗೆ ತೋರಿಸಿದಳು. ಚಿಗವ್ವ ಬೆರಳಿಟ್ಟು ಒಂದೊಂದೇ ಓದಿದಳು. ‘ಸಮೀಪದ ಆಸ್ಪತ್ರೆ ಎಷ್ಟು ಕಿಲೋಮೀಟರ್?’ ಅನ್ನುವಲ್ಲಿ ನಿಂತಳು.

“ಇದೇನ ಇದು? ಕಿಲೋಮೀಟರ ತಗೊಂಡ ಏನ ಮಾಡ್ತೀ? ಮಳಿಗಾಲದಾಗ, ರಾತ್ರಿ, ಎಷ್ಟ ತಾಸ ಹಿಡೀತೈತಿ ಅಂತ ಕೇಳ.”

ಮಗಳು ಅವತ್ತೇ ತನ್ನ ಗೈಡ್‌ಗೆ ಫೋನ್ ಮಾಡಿ ಕೇಳಿ ಆ ಪ್ರಶ್ನೆ ಸೇರಿಸಿದಳು. ಮುಂದೆ ಒಂದು ಖಾನೆ, ತಾಸು ಬರೆಯಲು.

ಮೊದಲ ವಾರ ಮುಗಿಸಿ ಬಂದಾಗ ಬೂಟಿನ ತುಂಬ ಕೆಸರು. ಚಹಾ ಕೊಟ್ಟರೆ ಕುಡಿಯದೆ ಹಾಳೆಗಳನ್ನು ತೆಗೆದು ಅಜ್ಜಿಯ ಮುಂದೆ ಇಟ್ಟಳು. ಮೂರು ತಿಂಗಳ ಕೂಸಿನ ತಾಯಿಯೊಬ್ಬಳು ಹೊಸ ಪ್ರಶ್ನೆಗೆ ತಾಸಿನ ಲೆಕ್ಕ ಹೇಳಿರಲಿಲ್ಲವಂತೆ. ‘ಹಳ್ಳಾ ಇಳಿಯೂ ತನಕ’ ಅಂದಿದ್ದಳಂತೆ. ಆ ಖಾನೆಯಲ್ಲಿ ಅಂಕಿ ಮಾತ್ರ ಬರೆಯಬೇಕಿತ್ತು. ಮಗಳು ಅದರ ಹೊರಗೆ, ಅಂಚಿನಲ್ಲಿ, ಪೆನ್ಸಿಲಿನಿಂದ ಆ ಮೂರು ಶಬ್ದ ಬರೆದುಕೊಂಡು ಬಂದಿದ್ದಳು.